ಗಾಜಿನ ಬುರುಡೆಯ ಶಾರೀರ

ಸಂಗೀತಶಾಸ್ತ್ರಕಾರರು ಶಾರೀರವೆಂಬ ಪದವೊಂದನ್ನು ಬಳಸಿರುವರು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಇದರ ಲಕ್ಷಣವನ್ನು ಹೇಳಿದ್ದಾನೆ. ಅಭ್ಯಾಸದ ಬಲವಿಲ್ಲದೆಯೂ ರಾಗವನ್ನು ಪ್ರಕಟಿಸಲು ಸಮರ್ಥವಾದ, ಶರೀರದೊಡನೆಯೇ ಹುಟ್ಟಿಬಂದ ಧ್ವನಿಗುಣವೇ ಶಾರೀರವೆಂದು ಅದರ ತಾತ್ಪರ್ಯ. ಅಷ್ಟಕ್ಕೇ ನಿಲ್ಲದೆ ಆತನು ಕಂಠಧ್ವನಿಯನ್ನು ಕಫಜವಾದ ಖಾಹುಲ, ಪಿತ್ತಜವಾದ ನಾರಾಟ, ವಾತಜವಾದ ಬೊಂಬಕ, ಇವುಗಳ ಬೆರಕೆಯಾದ ಮಿಶ್ರಕವೆಂದು ವಿಂಗಡಿಸಿದ್ದಾನೆ. ಗಾಯಕನಾದವನು ಸಾಧನೆಯಿಂದ ತನ್ನ ಕಂಠವನ್ನು ತಿದ್ದಿಕೊಳ್ಳಬಲ್ಲನೇ ಹೊರತು ಒಂದು ಕಂಠವನ್ನು ಕಳಚಿಟ್ಟು ಬೇರೊಂದನ್ನು ತೊಡಲಾರನು. ಆದರೆ ಪಶ್ಚಿಮದೇಶಗಳಲ್ಲಿ ವಿದ್ಯುದ್ಗಿಟಾರನ್ನು ನುಡಿಸುವವರು ಕಳೆದ ಎಪ್ಪತ್ತು ವರ್ಷಗಳಿಂದ ಈ ಅಸಾಧ್ಯಕಾರ್ಯವನ್ನು ಒಂದು ಮಟ್ಟಿಗೆ ಸಾಧಿಸುತ್ತ ಬಂದಿರುವರೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಅವರು ಬದಲಾಯಿಸುವುದು ಹೆಬ್ಬೆರಳಿನ ಗಾತ್ರದ ಒಂದು ಗಾಜಿನ ಬುರುಡೆಯನ್ನು.

ವೀಣೆಯಲ್ಲಿ ತಂತಿಯ ಕಂಪನವನ್ನು ಹಿಗ್ಗಿಸಿ ಕೇಳಿಸುವ ಕೆಲಸವು ಕೊರೆದ ಹಲಸಿನ ಮರದ್ದು. ಬಹುಮಟ್ಟಿನ ವಿದ್ಯುದ್ಗಿಟಾರುಗಳಲ್ಲಾದರೋ ಮರವು ಹಲಗೆಯಂತೆ ಗಟ್ಟಿ. ಅದನ್ನು ಬರಿದೆ ಮೀಟಿದರೆ ಪಕ್ಕದ ಕೋಣೆಗೆ ಕೇಳಿಸದು. ತಂತಿಯ ಕೆಳಗೆ ಅಯಸ್ಕಾಂತವೂ ಅದರ ಸುತ್ತ ಸಾವಿರಾರು ಸುತ್ತಿನ ನವಿರಾದ ತಾಮ್ರದ ತಂತಿಯೂ ಇರುತ್ತವೆ. ಉಕ್ಕಿನ ತಂತಿಯು ಅದರ ಮುಂದೆ ಕಂಪಿಸಿದಾಗ ಅತ್ಯಲ್ಪವಾದ ವಿದ್ಯುತ್ತು ಹುಟ್ಟಿ ಹಗ್ಗದಂಥ ಕೇಬಲಿನ ಮೂಲಕ ಧ್ವನಿವರ್ಧಕದ ಪೆಟ್ಟಿಗೆಗೆ ಹೋಗುತ್ತದೆ. ಇಲ್ಲಿಂದ ಮುಂದೆ ನಡೆಯುವುದೆಲ್ಲ ಆ ಪೆಟ್ಟಿಗೆಯ ವ್ಯಾಪಾರ. ಆದುದರಿಂದ ಈ ವಾದ್ಯವು ವಾದಕನ ತೊಡೆಯ ಮೇಲೆ ಅರ್ಧ, ಅವನ ಬೆನ್ನಹಿಂದೆ ಅರ್ಧ ಇರುವುದೆಂದು ಹೇಳಿದರೆ ಅತಿಶಯೋಕ್ತಿಯಲ್ಲ. ಪೆಟ್ಟಿಗೆಯನ್ನು ಬರಿಯ ಉಪಕರಣವೆಂದು ಭಾವಿಸಿದವನಿಗೆ ಮುಂದಿನ ಸಂಗತಿಗಳು ಹುಚ್ಚರ ಕಥೆಯಂತೆ ತೋರುವುದು ಸಹಜ.

ಈ ಬುರುಡೆಗೆ ಇಂಗ್ಲೆಂಡಿನಲ್ಲಿ ವಾಲ್ವೆಂದೂ ಅಮೆರಿಕದಲ್ಲಿ ಟ್ಯೂಬೆಂದೂ ಹೆಸರು. ಹಳೆಯ ರೇಡಿಯೋವನ್ನು ಕಂಡ ಹಿರಿಯರು, ಗುಂಡಿಯನ್ನು ತಿರುಗಿಸಿದ ಮೇಲೆ ಒಳಗೆ ನಸುಗೆಂಪು ಬೆಳಕು ಹತ್ತಿ, ತುಸುಹೊತ್ತಿನ ಬಳಿಕ ಧ್ವನಿ ಬರುತ್ತಿದ್ದುದನ್ನು ಬಲ್ಲರು. ವಿದ್ಯುದ್ದೀಪದ ತಂತುವಿನಿಂದ ಬುರುಡೆಯೊಳಗಿನ ಬೇರೊಂದು ತಗಡಿಗೆ ವಿದ್ಯುತ್ತು ಹಾಯುವುದನ್ನು ಎಡಿಸನ್ನನು ೧೮೮೦ರ ದಶಕದಲ್ಲಿಯೇ ಗಮನಿಸಿದ್ದನಾದರೂ ಅದನ್ನು ಹೆಚ್ಚು ಬೆಳೆಸಲಿಲ್ಲ. ೧೯೦೪ರಲ್ಲಿ ಫ್ಲೆಮಿಂಗನು ಅದರಿಂದ ಒಂದೇ ದಿಕ್ಕಿಗೆ ಪ್ರವಾಹವನ್ನು ಬಿಡುವ ವಾಲ್ವನ್ನು ಮಾಡಿದನು. ಅದಾದ ಎರಡು ಮೂರು ವರ್ಷಗಳಲ್ಲಿ ಅಮೆರಿಕದ ಲೀ ಡಿ ಫಾರೆಸ್ಟನು ತಂತುವಿಗೂ ತಗಡಿಗೂ ನಡುವೆ ತಂತಿಯ ಒಂದು ಜಾಲರಿಯನ್ನಿರಿಸಿದನು. ಈ ಜಾಲರಿಯೇ ಎಲ್ಲಕ್ಕೂ ಮೂಲ. ಕಾದ ಕೊಳವೆಯಿಂದ ಹೊರಟ ಎಲೆಕ್ಟ್ರಾನುಗಳು ತಗಡಿನ ಕಡೆಗೆ ಧಾವಿಸುವಾಗ ಜಾಲರಿಯ ಮೇಲಿನ ಸ್ವಲ್ಪವೇ ವೋಲ್ಟೇಜು ಆ ಪ್ರವಾಹವನ್ನು ಹಿಗ್ಗಿಸುತ್ತಲೂ ಕುಗ್ಗಿಸುತ್ತಲೂ ಇರುತ್ತದೆ. ಕೆರೆಯ ತೂಬನ್ನು ಒಬ್ಬ ನೀರಗಂಟಿಯು ಗೇಣುದ್ದ ಎತ್ತಿದರೆ ಹತ್ತು ಗದ್ದೆಗೆ ನೀರು ನುಗ್ಗುವುದಷ್ಟೆ. ಹಾಗೆಯೇ ಬೆರಳ ತುದಿಯ ಮೃದುವಾದ ಮೀಟು ಇಲ್ಲಿ ನೂರಾರು ವೋಲ್ಟುಗಳ ಪ್ರವಾಹವನ್ನು ಆಳುತ್ತದೆ.

ತೂಬನ್ನು ಪೂರ್ತಿ ಎತ್ತಿದ ಮೇಲೆ ಇನ್ನೂ ಎತ್ತಿದರೆ ನೀರೇನೂ ಹೆಚ್ಚುವುದಿಲ್ಲ. ವಾಲ್ವಿಗೂ ಹಾಗೊಂದು ಎಲ್ಲೆಯುಂಟು. ಆದರೆ ಅದು ಆ ಎಲ್ಲೆಯನ್ನು ತಲೆಯಿಟ್ಟು ಹಾಯುವುದಿಲ್ಲ, ಮೆಲ್ಲಗೆ ಬಾಗುತ್ತ ಹೋಗಿ ಮುಟ್ಟುತ್ತದೆ. ಹೀಗೆ ಬಾಗಿದಾಗ ನುಡಿಸಿದ ಸ್ವರದಲ್ಲಿ ಮೊದಲಿಲ್ಲದ ಉಪಸ್ವರಗಳು ಹುಟ್ಟಿ ಸೇರಿಕೊಳ್ಳುತ್ತವೆ. ಒಂಟಿಯಾಗಿ ಕೆಲಸಮಾಡುವ ವಾಲ್ವಿನಲ್ಲಿ ಎದ್ದು ತೋರುವುದು ಎರಡನೆಯ ಉಪಸ್ವರ, ಎಂದರೆ ಷಡ್ಜಕ್ಕೆ ಮೇಲಿನ ಷಡ್ಜ. ಎರಡು ವಾಲ್ವುಗಳು ಎದುರುಬದುರಾಗಿ ಒಂದು ತಳ್ಳಿ ಇನ್ನೊಂದು ಎಳೆಯುವಂತೆ ಜೋಡಿಸಿದರೆ ಈ ಸಮಸಂಖ್ಯೆಯವು ಪರಸ್ಪರ ಅಳಿದುಹೋಗಿ ಮೂರನೆಯದು ಮೊದಲಾದ ವಿಷಮಸಂಖ್ಯೆಯವು ಉಳಿಯುತ್ತವೆ. ಮೂರನೆಯದೆಂದರೆ ತಾರಸ್ಥಾಯಿಯ ಪಂಚಮ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಎಳೆಯಿಟ್ಟು ಜೀವಾಳವನ್ನು ಹಿಡಿಯುವವರು ಮಾಡುವುದೂ ಉಪಸ್ವರಗಳನ್ನು ಎಬ್ಬಿಸುವ ಕೆಲಸವೇ. ನೂಲು ಕೂದಲೆಳೆಯಷ್ಟು ಸರಿದರೆ ತಂಬೂರಿಯು ಮಂಕಾಗುವುದನ್ನು ಕೇಳಿ ಬಲ್ಲವರು, ಒಂದು ವಾಲ್ವು ಹೋಗಿ ಇನ್ನೊಂದು ಬಂದಾಗ ಗಿಟಾರಿನವನ ಮುಖವೇಕೆ ಬದಲಾಗುವುದೆಂಬುದನ್ನು ತಿಳಿಯಬಲ್ಲರು.

ಯಂತ್ರವನ್ನು ಮಾಡಿದವರ ಉದ್ದೇಶವು ಮಾತ್ರ ಇದಾಗಿರಲಿಲ್ಲ. ಧ್ವನಿಯು ಸ್ಫುಟವಾಗಿ, ಕೆಡದೆ ಬರಬೇಕೆಂದೇ ಅವರು ಶ್ರಮಿಸಿದರು. ಕೆಟ್ಟ ಧ್ವನಿಯಲ್ಲಿ ಸವಿಯನ್ನು ಕಂಡವರು ವಾದಕರು. ೧೯೫೧ರಲ್ಲಿ ಮೆಂಫಿಸ್ ನಗರದಲ್ಲಿ ಅಚ್ಚಾದ ‘ರಾಕೆಟ್ ೮೮’ ಎಂಬ ಗಾನಮುದ್ರಿಕೆಯಲ್ಲಿ, ದಾರಿಯಲ್ಲಿ ಪೆಟ್ಟುತಿಂದ ಧ್ವನಿವರ್ಧಕವೊಂದರ ಒರಟು ಗುಂಗು ಹಾಗೆಯೇ ಉಳಿದುಕೊಂಡಿತೆಂದು ಹೇಳುವರು. ೧೯೬೪ರಲ್ಲಿ ಲಂಡನ್ನಿನ ಡೇವ್ ಡೇವಿಸನು ತನ್ನ ಸಣ್ಣ ಪೆಟ್ಟಿಗೆಯ ಸ್ಪೀಕರಿನ ಕಾಗದದ ಕೋನನ್ನು ಬೇಕೆಂದೇ ಸೀಳಿಬಿಟ್ಟನು. ಆ ಹರಕು ಧ್ವನಿಯು ಲೋಕವೆಲ್ಲ ಕೇಳಿದ ಹಾಡಾಯಿತು. ಇವೆಲ್ಲ ಕತ್ತಿಯ ಚಿಕಿತ್ಸೆಗಳು. ವಾಲ್ವನ್ನು ಬದಲಿಸುವುದು ಇವಕ್ಕಿಂತ ಸೂಕ್ಷ್ಮವಾದುದು, ಬೇಡವೆನಿಸಿದರೆ ಹಿಂದೆಗೆಯಲೂ ಬರುವುದು.

ಈ ಸೂಕ್ಷ್ಮದಿಂದ ಏನೇನಾಗಬಹುದೆಂಬುದಕ್ಕೆ ಲಂಡನ್ನಿನ ಹ್ಯಾನ್‌ವೆಲ್ ಎಂಬ ಬಡಾವಣೆಯ ಅಂಗಡಿಯೊಂದರ ಕಥೆಯನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. ಕ್ಯಾಲಿಫೋರ್ನಿಯದ ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿಯಿಂದ ಬದುಕನ್ನು ಆರಂಭಿಸಿದ ಲಿಯೋ ಫೆಂಡರನು ೧೯೪೬ರಲ್ಲಿ ವಾದ್ಯಗಳ ಕಂಪೆನಿಯನ್ನು ಸ್ಥಾಪಿಸಿದ್ದನು. ಅವನ ಕಂಪೆನಿಯು ೧೯೫೦ರ ದಶಕದ ಕೊನೆಗೆ ಮಾರುತ್ತಿದ್ದ ‘ಬಾಸ್‌ಮನ್’ ಎಂಬ ಧ್ವನಿವರ್ಧಕವು ಹೆಸರೇ ಹೇಳುವಂತೆ ಮಂದ್ರದ ಬಾಸ್ ಗಿಟಾರಿಗಾಗಿ ಹುಟ್ಟಿದ್ದಾದರೂ ಸಾಮಾನ್ಯ ಗಿಟಾರಿನವರೇ ಅದಕ್ಕೆ ಮುಗಿಬಿದ್ದರು. ಅಟ್ಲಾಂಟಿಕ್ಕನ್ನು ದಾಟಿ ಬರುವ ಹೊತ್ತಿಗೆ ಅದರ ಬೆಲೆಯು ಇಂಗ್ಲೆಂಡಿನ ತರುಣರ ಕೈಗೆ ಎಟುಕುತ್ತಿರಲಿಲ್ಲ. ಹ್ಯಾನ್‌ವೆಲ್ಲಿನಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ಮಿನ ಮೇಷ್ಟ್ರು ವಾದ್ಯಗಳ ಅಂಗಡಿಯನ್ನಿಟ್ಟುಕೊಂಡಿದ್ದನು. ಬಂದ ತರುಣರೆಲ್ಲ ಅಮೆರಿಕದ ಆ ಪೆಟ್ಟಿಗೆಯಂಥದು ಬೇಕೆಂದು ಕೇಳುತ್ತಿದ್ದುದರಿಂದ ೧೯೬೨ರಲ್ಲಿ ಆತನ ಅಂಗಡಿಯ ಕೆನ್ ಬ್ರಾನನೂ ಡಡ್ಲಿ ಕ್ರೇವನನೆಂಬ ಯುವಕನೂ ಸೇರಿ ಬಾಸ್‌ಮನ್ನಿನ ನಕಾಶೆಯನ್ನೇ ಮುಂದಿಟ್ಟುಕೊಂಡು ಸ್ಥಳದಲ್ಲಿ ದೊರೆಯುವ ಸಾಮಾನುಗಳಿಂದ ಒಂದನ್ನು ಕಟ್ಟಿದರು. ಅದಕ್ಕೆ ಜೆಟಿಎಂ ೪೫ ಎಂದು ಹೆಸರಾಯಿತು.

ತಾಳೆಗರಿಗಳನ್ನು ಪ್ರತಿಮಾಡುವ ಲಿಪಿಕಾರರಿಂದ ಪಾಠಾಂತರಗಳು ಹುಟ್ಟುವುದು ಹೇಗೋ ಇಲ್ಲಿಯೂ ಹಾಗೆಯೇ ಆಯಿತು. ಮೂಲದಲ್ಲಿ ಮೊದಲನೆಯ ವಾಲ್ವು ೧೨ಎವೈ೭ ಎಂಬುದು; ಅದರ ವರ್ಧನಾಂಕ ಸುಮಾರು ೪೪. ಹ್ಯಾನ್‌ವೆಲ್ಲಿನವರು ಆ ಸ್ಥಾನದಲ್ಲಿ ಯುರೋಪಿನಲ್ಲಿ ಸುಲಭವಾಗಿ ದೊರೆಯುತ್ತಿದ್ದ ಇಸಿಸಿ೮೩ ಎಂಬುದನ್ನಿಟ್ಟರು. ಅಮೆರಿಕದವರು ೧೨ಎಎಕ್ಸ್೭ ಎನ್ನುವುದೂ ಇದನ್ನೇ. ಇದರ ವರ್ಧನಾಂಕ ೧೦೦. ಮೊದಲ ಮೆಟ್ಟಿಲಿನಲ್ಲಿಯೇ ಧ್ವನಿಯು ಮೂಲಕ್ಕಿಂತ ಹೆಚ್ಚಾಗಿ ಹಿಗ್ಗಿದ ಮೇಲೆ ಮುಂದಿನ ವಾಲ್ವುಗಳು ಬೇಗನೆ ತಮ್ಮ ಎಲ್ಲೆಯನ್ನು ಮುಟ್ಟತಕ್ಕುದೇ ಸರಿ. ಕೊನೆಯ ಹಂತದ ಶಕ್ತಿವಾಲ್ವುಗಳೂ ಮೊದಲು ಮೂಲದಂತೆ ೫೮೮೧ ಇದ್ದವು, ಬಳಿಕ ಇಂಗ್ಲೆಂಡಿನ ಕೆಟಿ೬೬ ಆದವು, ೧೯೬೬-೬೭ರ ಸುಮಾರಿಗೆ ಇಎಲ್೩೪ ಆದವು. ಹತ್ತಂಗುಲದ ನಾಲ್ಕು ಸ್ಪೀಕರುಗಳ ಬದಲು ಹನ್ನೆರಡಂಗುಲದ ನಾಲ್ಕನ್ನು ಹಿಂಬದಿ ಮುಚ್ಚಿದ ಬೇರೆ ಪೆಟ್ಟಿಗೆಯಲ್ಲಿಟ್ಟರು. ಹೀಗೆ ಪ್ರತಿಯೊಂದು ಪಾಠಾಂತರವೂ ಸಾಮಾನಿನ ಸೌಕರ್ಯಕ್ಕಾಗಿ ಬಂದುದು; ಆದರೆ ಒಟ್ಟುಗೂಡಿದಾಗ ಮೂಲದ ಕಂಠವೇ ಉಳಿಯಲಿಲ್ಲ. ೧೯೬೬ರಲ್ಲಿ ಎರಿಕ್ ಕ್ಲಾಪ್ಟನನು ಜಾನ್ ಮೇಯಲನ ಮೇಳದೊಡನೆ ಡೆಕ್ಕಾ ಕಂಪೆನಿಗಾಗಿ ನುಡಿಸಿದಾಗ ಕೆಟಿ೬೬ಗಳಿದ್ದ ಮಾರ್ಷಲ್ ಪೆಟ್ಟಿಗೆಯನ್ನು, ಸಭೆಯಲ್ಲಿ ನುಡಿಸುವಷ್ಟೇ ಗಟ್ಟಿಯಾಗಿ ನುಡಿಸುವೆನೆಂದು ಹಟಹಿಡಿದನು. ಧ್ವನಿಮುದ್ರಣದ ಕೋಣೆಗಳಲ್ಲಿ ಅದು ಸಂಪ್ರದಾಯವಿರಲಿಲ್ಲ. ಮೂಲದವರೂ ಪ್ರತಿಮಾಡಿದವರೂ ಎಣಿಸದಿದ್ದ ದಪ್ಪನೆಯ, ಎಳೆಎಳೆಯಾಗಿ ಹರಿಯುವ, ಪಿಟೀಲಿನಂತೆ ನಿಲ್ಲುವ ನಾದವು ಅಲ್ಲಿಂದ ಹೊರಟಿತು. ಪಾಠಾಂತರವನ್ನು ಅಪಪಾಠವೆನ್ನುವ ಸಂಪಾದಕರು ಈ ಸಂದರ್ಭದಲ್ಲಿ ಸ್ವಲ್ಪ ಸುಮ್ಮನಿರುವುದು ಲೇಸು.

ಇದು ಪ್ರಸಿದ್ಧರ ಮಾತಾಯಿತು. ಪ್ರಸಿದ್ಧನಲ್ಲದ ಒಬ್ಬ ವಾದಕನನ್ನೂ ಕಲ್ಪಿಸಿಕೊಳ್ಳಬಹುದು. ಆತನು ಇಂಗ್ಲೆಂಡಿನ ಒಂದು ಸಣ್ಣ ಊರಿನವನು; ಹಗಲು ಉಗ್ರಾಣವೊಂದರಲ್ಲಿ ದುಡಿದು ಶನಿವಾರದ ರಾತ್ರಿ ಪಾನಗೃಹದಲ್ಲಿ ನುಡಿಸುವನು. ಅವನಿಗಿರುವುದು ಒಂದೇ ಪೆಟ್ಟಿಗೆ. ಅದು ಕೆಟ್ಟದೇನಲ್ಲ, ಆದರೆ ಗುಂಡಿಯು ಎರಡನೆಯ ಅಂಕವನ್ನು ದಾಟಿದೊಡನೆ ಧ್ವನಿಯು ಒಡೆದು ಕರ್ಕಶವಾಗುವುದು. ಅವನು ಬೆರಳಿನಿಂದ ಮೆಲ್ಲಗೆ ಮುಟ್ಟಿದರೂ ಜೋರಾಗಿ ಮೀಟಿದರೂ ಕೇಳುವವರಿಗೆ ಎರಡೂ ಒಂದೇ. ವರ್ಷಗಟ್ಟಲೆ ಕುಳಿತು ಬೆರಳಿಗೆ ಕಲಿಸಿದ ಹತ್ತು ಬಗೆಯ ಸ್ಪರ್ಶಗಳನ್ನು ಯಂತ್ರವು ಒಂದೇ ಬಗೆಯದಾಗಿ ತಿಳಿದು ನುಡಿಯುವುದೆಂದರೆ, ಕಷ್ಟಪಟ್ಟು ಉಚ್ಚಾರಣೆಯನ್ನು ಕಲಿತ ವಿದ್ಯಾರ್ಥಿಯ ಶ, ಷ, ಸಗಳು ಸಭೆಯಲ್ಲಿ ಒಂದೇ ಸಕಾರವಾಗಿ ಕೇಳಿದಂತೆಯೇ ಅಲ್ಲವೆ? ಹೊಸ ಪೆಟ್ಟಿಗೆಯನ್ನು ಕೊಳ್ಳುವ ಶಕ್ತಿ ಅವನಿಗಿಲ್ಲ. ಒಂದು ವಾಲ್ವಿನ ಬೆಲೆಯನ್ನು ಮಾತ್ರ ಅವನು ಹೊಂದಿಸಬಲ್ಲನು.

ಆದೃಷ್ಟವಶಾತ್ ಪೂರ್ವಹಂತದ ವಾಲ್ವುಗಳಲ್ಲಿ ಒಂದು ದೊಡ್ಡ ಕುಟುಂಬಕ್ಕೆ ಒಂದೇ ಬಗೆಯ ಒಂಬತ್ತು ಕಡ್ಡಿಗಳು, ಒಂದೇ ಕ್ರಮದಲ್ಲಿ ಇರುತ್ತವೆ. ೧೨ಎಎಕ್ಸ್೭ರ ವರ್ಧನಾಂಕ ೧೦೦ ಎಂದಾಯಿತು. ೫೭೫೧ ಎಂಬುದರದು ೭೦, ೧೨ಎಟಿ೭ರದು ೬೦, ೧೨ಎವೈ೭ರದು ೪೪, ೧೨ಎಯು೭ರದು ಇಪ್ಪತ್ತನ್ನು ಮೀರದು. ಒಂದರ ಗೂಡಿನಲ್ಲಿ ಇನ್ನೊಂದು ಕುಳಿತುಕೊಳ್ಳುತ್ತದೆ, ತಂತುವನ್ನು ಕಾಯಿಸುವ ವಿದ್ಯುತ್ತೂ ಹೆಚ್ಚು ಕಡಮೆ ಒಂದೇ. ಈ ಅಂಕಗಳನ್ನು ನೋಡಿ ಶೇಕಡಾವಾರು ಲೆಕ್ಕ ಹಾಕತಕ್ಕುದಲ್ಲ. ಸುತ್ತಲಿನ ಪ್ರತಿರೋಧಗಳನ್ನು ಒಂದು ವಾಲ್ವಿಗೆ ಹೊಂದುವಂತೆ ಆರಿಸಿರುವರಾದುದರಿಂದ ೧೦೦ರ ವಾಲ್ವು ಕೂಡ ಯಂತ್ರದಲ್ಲಿ ಕೊಡುವುದು ಐವತ್ತು ಅರುವತ್ತರಷ್ಟನ್ನೇ. ೧೨ಎಟಿ೭ ಹೆಚ್ಚು ಪ್ರವಾಹವನ್ನು ಬಯಸುವ ಜಾತಿ. ೧೨ಎಎಕ್ಸ್೭ಕ್ಕಾಗಿ ಕಟ್ಟಿದ ಮನೆಯಲ್ಲಿ ಅದು ಇಕ್ಕಟ್ಟಿನಲ್ಲಿ ಬಾಳುವುದು. ಹಾಗಿದ್ದರೂ ಯಂತ್ರಕ್ಕೆ ಹಾನಿಯಾಗುವುದಿಲ್ಲವಾದುದರಿಂದ ಕಿವಿಯಿಂದಲೇ ಪರೀಕ್ಷಿಸಿ ನೋಡಲು ಅಡ್ಡಿಯಿಲ್ಲ.

ನಮ್ಮ ಉಗ್ರಾಣದ ವಾದಕನು ಕೇಬಲನ್ನು ಚುಚ್ಚುವ ತೂತಿಗೆ ಅತ್ಯಂತ ಸಮೀಪವಾಗಿರುವ ಮೊದಲನೆಯ ವಾಲ್ವನ್ನು ತೆಗೆದು ೧೨ಎವೈ೭ನ್ನು ಇಡುವನೆಂದಿಟ್ಟುಕೊಂಡರೆ, ಗುಂಡಿಯು ಎರಡರಲ್ಲಿ ಒಡೆಯುತ್ತಿದ್ದ ಧ್ವನಿಯು ಈಗ ನಾಲ್ಕೈದರವರೆಗೆ ತಿಳಿಯಾಗಿರುವುದು. ಅಲ್ಲಿಂದ ಮುಂದೆ ಮೆಲ್ಲಗೆ ಮುಟ್ಟಿದರೆ ತಿಳಿ, ಒತ್ತಿ ಮೀಟಿದರೆ ಮಾತ್ರ ಬಿರುಸು. ಎಂದರೆ, ಒಡೆಯಬೇಕೋ ಬೇಡವೋ ಎಂಬ ನಿರ್ಣಯವು ಗುಂಡಿಯಿಂದ ಬೆರಳಿಗೆ ಮರಳಿ ಬಂದಿತು. ಬರಿಯ ಸದ್ದನ್ನು ಕಡಮೆಮಾಡುವುದೇ ಉದ್ದೇಶವಾಗಿದ್ದರೆ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರಾಗುತ್ತಿತ್ತೆಂದು ಆಕ್ಷೇಪಿಸುವವರು ಈ ಭೇದವನ್ನು ಗಮನಿಸಬೇಕು. ಇದಕ್ಕೆ ಬೆಲೆಯೂ ಉಂಟು: ಒಂದೊಂದು ಸ್ವರವೂ ಹಿಂದಿನಷ್ಟು ಹೊತ್ತು ನಿಲ್ಲುವುದಿಲ್ಲ, ತಪ್ಪಿದ ಬೆರಳು ಮುಚ್ಚಿಹೋಗುವುದಿಲ್ಲ. ಕೆಲವರು ಒಂದು ವಾರ ನುಡಿಸಿ ಹಳೆಯ ವಾಲ್ವನ್ನೇ ಮರಳಿ ಹಾಕುವುದಕ್ಕೆ ಕಾರಣವು ಇದೇ ಇರಬಹುದು.

ಹೊಸ ವಾಲ್ವು ಒಳ್ಳೆಯದೋ ಅಲ್ಲವೋ ಎಂಬುದನ್ನು ತಿಳಿಯುವ ಒಂದು ಸರಳೋಪಾಯವೂ ರೂಢಿಯಲ್ಲಿದೆ. ಪೆಟ್ಟಿಗೆಯು ನಡೆಯುತ್ತಿರುವಾಗ ಮರದ ಒಂದು ಕಡ್ಡಿಯಿಂದ ಗಾಜನ್ನು ಮೆಲ್ಲಗೆ ತಟ್ಟುವುದು. ಸ್ಪೀಕರಿನಿಂದ ಅಲ್ಪವಾದ ಟಕ್ಕೆಂಬ ಸದ್ದು ಬಂದರೆ ಚಿಂತೆಯಿಲ್ಲ. ಗಂಟೆಯಂತೆ ಕಿಣಿಗುಟ್ಟಿದರೆ ಒಳಗಿನ ಜಾಲರಿಯು ಸಡಿಲವಾಗಿ ಸ್ಪೀಕರಿನ ಕಂಪನವನ್ನೇ ಮತ್ತೆ ಹಿಡಿದು ಕೂಗುವುದೆಂದು ತಿಳಿಯಬೇಕು. ಅಂಥದನ್ನು ಮೊದಲ ಸ್ಥಾನದಿಂದ ತೆಗೆದು ಹಿಂದಿನ ಸ್ಥಾನಕ್ಕೆ ಹಾಕುವುದುಂಟು. ಮಡಕೆ ಕೊಳ್ಳುವ ಹೆಂಗಸರು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವ ವಿದ್ಯೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಶಕ್ತಿವಾಲ್ವುಗಳ ವಿಷಯದಲ್ಲಿ ಇಷ್ಟು ಸ್ವಾತಂತ್ರ್ಯವಿಲ್ಲ. ಇಲ್ಲಿ ಆತುರಪಡುವವನು ಹಣವನ್ನಾಗಲಿ ಪ್ರಾಣವನ್ನಾಗಲಿ ಕಳೆದುಕೊಳ್ಳುವ ಸಂಭವವುಂಟು. ೧೯೩೬ರಲ್ಲಿ ಬಂದ ೬ಎಲ್೬ ಎಂಬುದು ಅಮೆರಿಕದ ನಾದಕ್ಕೂ, ಇಎಲ್೩೪ ಇಂಗ್ಲೆಂಡಿನ ನಾದಕ್ಕೂ ಪ್ರತಿನಿಧಿಯೆಂದು ವಾದಕರು ಎಣಿಸುವರು: ಮೊದಲನೆಯದರ ಮಂದ್ರವು ಗಟ್ಟಿ, ತಾರವು ತಿಳಿ, ಎರಡನೆಯದರಲ್ಲಿ ಮಧ್ಯಸ್ಥಾಯಿಯು ಮುಂದೆ ಬಂದು ಬೇಗನೆ ಉಗ್ರವಾಗುವುದು. ಇವೆರಡಕ್ಕೂ ಎಂಟು ಕಡ್ಡಿಗಳ ಗೂಡೇ ಆದುದರಿಂದ ಒಂದನ್ನು ಕಿತ್ತು ಮತ್ತೊಂದನ್ನು ಚುಚ್ಚಲು ಕೈ ತುರಿಸುವುದು ಸ್ವಾಭಾವಿಕ. ಆದರೆ ೬ಎಲ್೬ರ ತಂತುವಿಗೆ ೦.೯ ಆಂಪಿಯರು ಸಾಕು, ಇಎಲ್೩೪ಕ್ಕೆ ೧.೫ ಬೇಕು, ಟ್ರಾನ್ಸ್‌ಫಾರ್ಮರಿಗೆ ಆ ಶಕ್ತಿ ಇರಬೇಕು. ಇಎಲ್೩೪ರ ಮೂರನೆಯ ಜಾಲರಿಯು ಮೊದಲನೆಯ ಕಡ್ಡಿಗೆ ಬಂದಿರುತ್ತದೆ; ಅದನ್ನು ಎಂಟನೆಯದಕ್ಕೆ ಸೇರಿಸದ ಗೂಡಿನಲ್ಲಿ ಅದು ಸರಿಯಾಗಿ ನಡೆಯದು. ಇದಕ್ಕಿಂತ ಮುಖ್ಯವಾದುದು ಬಯಾಸೆಂಬುದು: ವಾದನವಿಲ್ಲದೆ ಸುಮ್ಮನಿರುವಾಗಲೂ ವಾಲ್ವಿನಲ್ಲಿ ಎಷ್ಟು ಪ್ರವಾಹವು ಹರಿಯಬೇಕೆಂಬುದನ್ನು ಜಾಲರಿಗೆ ಋಣವೋಲ್ಟೇಜನ್ನು ಕೊಟ್ಟು ನಿಯಮಿಸುವುದು. ವಾಲ್ವು ತಾಳಬಲ್ಲ ಶಾಖದ ನೂರಕ್ಕೆ ಎಪ್ಪತ್ತರೊಳಗೆ ಇರಬೇಕೆಂಬುದು ಕೆಲಸಗಾರರ ಸಾಮಾನ್ಯಸೂತ್ರ. ೩೦ ವ್ಯಾಟಿನ ೬ಎಲ್೬ಜಿಸಿಗೆ ೪೫೦ ವೋಲ್ಟಿನಲ್ಲಿ ಅದು ಸುಮಾರು ೪೬ ಮಿಲಿಆಂಪಿಯರು; ೨೫ ವ್ಯಾಟಿನ ಇಎಲ್೩೪ಕ್ಕೆ ಅದೇ ವೋಲ್ಟಿನಲ್ಲಿ ೩೯ ಮಾತ್ರ. ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ಅತಿಯಾಗುವುದು. ಅತಿಯಾದಾಗ ಒಳಗಿನ ತಗಡು ಕೆಂಡದಂತೆ ಕೆಂಪೇರುತ್ತದೆ. ಅದನ್ನು ಕಂಡವನು ಒಡನೆಯೇ ಗುಂಡಿಯನ್ನು ಆರಿಸಬೇಕು. ತೀರ ಕಡಮೆಯಾದರೆ ವಾಲ್ವು ಬಹುಕಾಲ ಬಾಳುವುದು, ಆದರೆ ನಾದವು ಬಡಕಲಾಗಿ, ಮೆಲ್ಲಗೆ ನುಡಿಸಿದ ಸ್ವರಗಳಲ್ಲಿ ಮರಳು ಬೆರೆತಂತೆ ಕೇಳುವುದು. ವಾಕ್ಸ್ ಎಸಿ೩೦ರಂಥ ಕೆಲವು ಪೆಟ್ಟಿಗೆಗಳಲ್ಲಿ ವಾಲ್ವು ತನ್ನ ಪ್ರವಾಹದಿಂದಲೇ ತನ್ನನ್ನು ನಿಯಮಿಸಿಕೊಳ್ಳುವ ಏರ್ಪಾಡಿದ್ದು, ಅದೇ ಜಾತಿಯ ಹೊಸ ಜೋಡಿಯನ್ನು ಹಾಕುವುದು ಅಲ್ಲಿ ಸುಲಭ.

ಇದನ್ನೆಲ್ಲ ಅಳೆಯುವುದಕ್ಕಾಗಿ ಪೆಟ್ಟಿಗೆಯ ತಗಡನ್ನು ಬಿಚ್ಚುವವನು ನೆನಪಿಡತಕ್ಕ ಮಾತೊಂದಿದೆ. ಗೋಡೆಯಿಂದ ಪ್ಲಗ್ಗನ್ನು ಕಿತ್ತಮಾತ್ರಕ್ಕೆ ಒಳಗಿನ ವಿದ್ಯುತ್ತು ಹೋಗುವುದಿಲ್ಲ. ಕೆಪ್ಯಾಸಿಟರುಗಳೆಂಬ ಡಬ್ಬಿಗಳು ನಾನೂರಕ್ಕೂ ಮೀರಿದ ವೋಲ್ಟನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡಿರಬಲ್ಲವು. ಬಲ್ಲವರು ತಕ್ಕ ಪ್ರತಿರೋಧದ ಮೂಲಕ ಅದನ್ನು ಬರಿದುಮಾಡಿ, ಅಳೆದು ನೋಡಿ, ಅನಂತರ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಕೆಲಸಮಾಡುವರು. ಎರಡು ಕೈಗಳ ನಡುವೆ ಹಾಯುವ ವಿದ್ಯುತ್ತು ಎದೆಯನ್ನು ದಾಟಿಯೇ ಹೋಗಬೇಕಷ್ಟೆ. ತಿಳಿಯದವನು ಈ ಭಾಗವನ್ನು ರಿಪೇರಿಯವನಿಗೆ ಬಿಟ್ಟು ಕೂಲಿ ಕೊಡುವುದು ಮೇಲು. ಸ್ಪೀಕರನ್ನು ಸೇರಿಸದೆ ಇಂಥ ಪೆಟ್ಟಿಗೆಯನ್ನು ನಡೆಸಿದರೆ ಹೊರಭಾಗದ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದೆಂಬುದನ್ನೂ ಹೊಸಬರು ಮರೆಯುವುದುಂಟು.

ರೆಕ್ಟಿಫೈಯರೆಂಬ ಮೂರನೆಯ ಜಾತಿಯು ಧ್ವನಿಯನ್ನು ಮುಟ್ಟುವುದೇ ಇಲ್ಲ. ಮನೆಯ ವಿದ್ಯುತ್ತನ್ನು ಒಂದೇ ದಿಕ್ಕಿನದಾಗಿ ಮಾಡಿಕೊಡುವುದಷ್ಟೇ ಅದರ ಕೆಲಸ. ಹಾಗಿದ್ದರೂ ೫ವೈ೩ ಎಂಬುದರಲ್ಲಿ ಜೋರಾಗಿ ಮೀಟಿದಾಗ ವೋಲ್ಟೇಜು ಕುಸಿದು ಸ್ವರವು ಮೊದಲು ತಗ್ಗಿ ಬಳಿಕ ಅರಳುವುದನ್ನೂ, ಜಿಝಡ್೩೪ ಎಂಬುದರಲ್ಲಿ ಹಾಗಾಗದೆ ಒಡನೆಯೇ ಪುಟಿಯುವುದನ್ನೂ ಬೆರಳು ಗುರುತಿಸಬಲ್ಲುದು. ೫ವೈ೩ಕ್ಕಾಗಿ ಕಟ್ಟಿದ ಪೆಟ್ಟಿಗೆಯಲ್ಲಿ ಜಿಝಡ್೩೪ನ್ನಿಟ್ಟರೆ ಎಲ್ಲ ಕಡೆಯೂ ವೋಲ್ಟೇಜು ಏರುವುದಾದುದರಿಂದ ಮುದಿಯಂತ್ರಗಳಲ್ಲಿ ಆ ಪ್ರಯೋಗ ಬೇಡ.

ವೋಲ್ಟೇಜಿನ ಮಾತು ಬಂದುದರಿಂದ ಎಡ್ಡಿ ವ್ಯಾನ್ ಹೇಲನ್ನನ ಸಂಗತಿಯನ್ನು ಬಿಡಲಾಗದು. ೧೯೭೮ರಲ್ಲಿ ಹೊರಬಂದ ಆತನ ಮೊದಲ ಗಾನಮುದ್ರಿಕೆಯ ನಾದಕ್ಕೆ ‘ಕಂದುಬಣ್ಣದ ನಾದ’ವೆಂದೇ ಹೆಸರಾಯಿತು. ತನ್ನ ಮಾರ್ಷಲ್ ಪೆಟ್ಟಿಗೆಗೆ ವೋಲ್ಟೇಜನ್ನು ಏರಿಸಿದೆನೆಂದು ಆತನು ಮೊದಮೊದಲು ಹೇಳಿಕೊಂಡನು. ಸುಮಾರು ತೊಂಬತ್ತು ವೋಲ್ಟಿಗೆ ಇಳಿಸಿದ್ದೆನೆಂದು ಬಹಳ ವರ್ಷಗಳ ಮೇಲೆ ಒಪ್ಪಿಕೊಂಡನು. ಮೊದಲ ಮಾತನ್ನು ಆಪ್ತವಾಕ್ಯವೆಂದು ನಂಬಿ ಪ್ರಯೋಗಕ್ಕಿಳಿದವರ ಯಂತ್ರಗಳ ಗತಿಯನ್ನು ಊಹಿಸಬಹುದು. ಶಬ್ದಪ್ರಮಾಣವನ್ನು ಒಪ್ಪುವ ತಾರ್ಕಿಕರೂ ವಕ್ತೃವು ಆಪ್ತನೇ ಎಂದು ಮೊದಲು ವಿಚಾರಿಸುತ್ತಾರೆ.

ಈ ಪ್ರಮಾಣವಿಚಾರವು ವಾಲ್ವುಗಳ ಸಂತೆಯಲ್ಲಿ ಇನ್ನೂ ಹೆಚ್ಚು ಬೇಕಾಗಿದೆ. ೧೯೪೭ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿದಮೇಲೆ ವಾಲ್ವಿನ ಯುಗವು ಮೆಲ್ಲಮೆಲ್ಲನೆ ಮುಗಿಯಿತು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನಿನ ಮಲ್ಲಾರ್ಡ್, ಜರ್ಮನಿಯ ಟೆಲಿಫುಂಕೆನ್ ಮೊದಲಾದ ಹೆಸರಿನ ಹಳೆಯ ಸರಕು ಈಗ ಉಗ್ರಾಣಗಳ ಮೂಲೆಯಿಂದ ಹೊರಬಂದು ಅಗರು ಕಸ್ತೂರಿಗಳಂತೆ ಮಾರಾಟವಾಗುತ್ತಿದೆ. ಅವುಗಳಲ್ಲಿ ಅನೇಕವು ನಿಜವಾಗಿಯೂ ಉತ್ತಮವಾದುವು. ಆದರೆ ಆ ಕಾಲದಲ್ಲಿಯೇ ಒಂದು ಕಂಪೆನಿಯು ಇನ್ನೊಂದರಿಂದ ಕೊಂಡು ತನ್ನ ಹೆಸರನ್ನು ಮುದ್ರಿಸುವ ಪದ್ಧತಿಯಿದ್ದಿತು. ಗಾಜಿನ ಮೇಲಿನ ಹೆಸರು ಹುಟ್ಟಿದ ಊರನ್ನು ತಿಳಿಸದು. ಈಗಲಾದರೋ ಮಲ್ಲಾರ್ಡ್, ಟಂಗ್‌ಸಾಲ್ ಎಂಬ ಹೆಸರುಗಳ ಹಕ್ಕನ್ನು ಕೊಂಡ ನ್ಯೂಯಾರ್ಕಿನ ಕಂಪೆನಿಯೊಂದು ಆ ಹೆಸರಿನ ಹೊಸ ವಾಲ್ವುಗಳನ್ನು ರಷ್ಯಾದ ವೋಲ್ಗಾ ತೀರದ ಸರಾಟೊವ್ ನಗರದಲ್ಲಿ ಮಾಡಿಸುತ್ತದೆ. ಗೋತ್ರವೊಂದು, ದತ್ತಕವೊಂದು. ಹತ್ತುಪಟ್ಟು ಬೆಲೆ ಕೊಟ್ಟವನ ಕಿವಿಯು ಹತ್ತುಪಟ್ಟು ಸವಿಯನ್ನು ಕೇಳಲು ಮೊದಲೇ ಸಿದ್ಧವಾಗಿರುವುದರಿಂದ, ಇನ್ನೊಬ್ಬನ ಕೈಯಿಂದ ವಾಲ್ವುಗಳನ್ನು ಬದಲಿಸಿಸಿ, ಯಾವುದೆಂದು ತಿಳಿಯದಂತೆ ಬೆನ್ನುಹಾಕಿ ನುಡಿಸಿ ನೋಡುವುದೇ ನ್ಯಾಯವಾದ ಪರೀಕ್ಷೆ. ಹಾಗೆ ಪರೀಕ್ಷಿಸಿದರೆ ೧೨ಎಎಕ್ಸ್೭ಕ್ಕೂ ೧೨ಎವೈ೭ಕ್ಕೂ ಇರುವ ಭೇದವು ಎಂಥವನಿಗೂ ತಿಳಿಯುವುದು. ಎರಡು ಒಳ್ಳೆಯ ೧೨ಎಎಕ್ಸ್೭ಗಳ ನಡುವಣ ಭೇದವು ಬಹುಮಂದಿಗೆ ತಿಳಿಯಲಾರದು. ಸ್ಪೀಕರನ್ನು ಬದಲಿಸಿದರೆ ಆಗುವ ವ್ಯತ್ಯಾಸದ ಮುಂದೆ ಅದು ಏನೂ ಅಲ್ಲ. ಬಡವಾದಕನು ಹಣವನ್ನು ಎಲ್ಲಿ ಹಾಕಬೇಕೆಂಬುದಕ್ಕೆ ಇಷ್ಟು ಸಾಕು.

ಹೊಸ ವಾಲ್ವುಗಳನ್ನು ಮಾಡುವ ಊರುಗಳಾದರೂ ಎಷ್ಟು? ಸರಾಟೊವ್ ಒಂದು, ಟೆಸ್ಲಾ ಕಾರ್ಖಾನೆಗಳ ಪರಂಪರೆಯನ್ನು ಮುಂದುವರಿಸಿದ ಸ್ಲೊವಾಕಿಯದ ಚಾಡ್ಸಾ ಒಂದು, ಚೀನದ ಕೆಲವು ಕಾರ್ಖಾನೆಗಳು. ರಷ್ಯಾದಲ್ಲಿ ಈ ವಿದ್ಯೆಯು ಉಳಿದುಬಂದುದಕ್ಕೆ ಸೈನ್ಯದ ಬೇಡಿಕೆಯೂ ಒಂದು ಕಾರಣ: ೧೯೭೬ರಲ್ಲಿ ರಷ್ಯದ ವೈಮಾನಿಕನೊಬ್ಬನು ಮಿಗ್-೨೫ ಯುದ್ಧವಿಮಾನವನ್ನು ಜಪಾನಿಗೆ ಹಾರಿಸಿಕೊಂಡುಹೋದಾಗ ಅದರೊಳಗೆ ವಾಲ್ವುಗಳಿದ್ದುದನ್ನು ಕಂಡು ಪಶ್ಚಿಮದವರು ಬೆರಗಾದರು. ಕನ್ನಡನಾಡೂ ಈ ವಂಶಾವಳಿಯಲ್ಲಿ ಸೇರಿದೆಯೆಂಬುದು ಅನೇಕರಿಗೆ ತಿಳಿಯದು. ೧೯೫೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನವರು ೧೯೬೦ರ ದಶಕದಲ್ಲಿ ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವುಗಳನ್ನು ಮಾಡುತ್ತಿದ್ದರು. ರೇಡಿಯೋಗಳಿಗಾಗಿ ಹುಟ್ಟಿದ ಆ ಜಾತಿಯ ಇಎಲ್೮೪ಗಳನ್ನು ಪಶ್ಚಿಮದ ಹಳೆಯ ಸರಕಿನ ವ್ಯಾಪಾರಿಗಳು ಈಗಲೂ ತಮ್ಮ ಪಟ್ಟಿಯಲ್ಲಿ ತೋರಿಸುವುದುಂಟು.

೨೦೨೨ರ ಮಾರ್ಚಿ ತಿಂಗಳಿನಲ್ಲಿ, ಉಕ್ರೇನಿನ ಯುದ್ಧವು ತೊಡಗಿದ ಕೆಲವೇ ದಿನಗಳಲ್ಲಿ, ರಷ್ಯಾ ಸರಕಾರವು ಅನೇಕ ಸರಕುಗಳ ರಫ್ತನ್ನು ನಿಲ್ಲಿಸಿತು. ಸರಾಟೊವಿನ ವಾಲ್ವುಗಳೂ ಅದರಲ್ಲಿ ಸಿಕ್ಕಿಕೊಂಡವು. ಅಂಗಡಿಗಳ ಕಪಾಟುಗಳು ಬರಿದಾದವು, ಬೆಲೆಗಳು ಏರಿದವು, ಚಾಡ್ಸಾದ ಕಾರ್ಖಾನೆಯ ಮೇಲೆ ಬೇಡಿಕೆಯ ಭಾರವು ಬಿದ್ದಿತು. ಸಾಗಣೆಯು ಅದೇ ವರ್ಷ ಮತ್ತೆ ತೊಡಗಿತಾದರೂ ಬೆಲೆಗಳು ಹಿಂದಿನ ಸ್ಥಿತಿಗೆ ಇಳಿಯಲಿಲ್ಲ. ಶನಿವಾರ ರಾತ್ರಿ ನುಡಿಸುವವನೊಬ್ಬನ ಕಂಠವು ದೂರದ ಯುದ್ಧದಿಂದ ಕಟ್ಟಿಹೋಗಬಹುದೆಂದು ಅದುವರೆಗೆ ಯಾರೂ ಎಣಿಸಿರಲಿಲ್ಲ.

ಅಂದಿನಿಂದ ವಾದಕರಲ್ಲಿ ಒಂದು ಹೊಸ ಜಾಗರೂಕತೆಯು ಕಾಣಬರುತ್ತದೆ. ಬದಲಿಸಿ ತೆಗೆದ ವಾಲ್ವನ್ನು ಎಸೆಯದೆ, ಆರಿದಮೇಲೆ ಬಟ್ಟೆಯಲ್ಲಿ ಸುತ್ತಿ, ಯಾವ ಸ್ಥಾನದಿಂದ ಯಾವ ದಿನ ತೆಗೆದದ್ದೆಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ತಳದಲ್ಲಿ ಇಡುತ್ತಾರೆ. ಪೂರ್ವಹಂತದ ವಾಲ್ವು ಹತ್ತಾರು ಸಾವ್ರ ಗಂಟೆ ಬಾಳುವುದೂ ಅಪರೂಪವಲ್ಲ. ಪೆಟ್ಟಿಗೆಯು ಕೈಬದಲಾದಾಗ ಆ ಚೀಟಿಗಳೂ ಅದರೊಡನೆ ಹೋಗುತ್ತವೆ. ಕೊಂಡವನು ಮೊದಲು ಮಾಡುವ ಕೆಲಸವೆಂದರೆ ಅವುಗಳನ್ನು ಓದಿ, ಹಿಂದಿನವನು ಯಾವುದನ್ನು ಬೇಡವೆಂದು ತೆಗೆದಿದ್ದನೋ ಅದನ್ನೇ ಮತ್ತೆ ಗೂಡಿನಲ್ಲಿಟ್ಟು ಕೇಳುವುದು.